ಜರ್ಮನಿಯಲ್ಲಿರುವ ಮಗ ಮಾತೇ ಆಡುತ್ತಿಲ್ಲ: ನಾನೇ ಹೋಗಲಾ, ಕರೆಸಿಕೊಳ್ಳಲಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವವರು, ಮೂಲ ಕುಂದಾಪುರ ಕಡೆ. ಯಜಮಾನರದು ಸಣ್ಣ ಹೋಟೆಲ್. ಒಬ್ಬನೇ ಮಗ, 23 ವರ್ಷ. ಮೆಕ್ಯಾನಿಕಲ್ ಮುಗಿಸಿ, ಎಜುಕೇಶನ್ ಲೋನ್ ಮಾಡಿ ಕಳೆದ ಅಕ್ಟೋಬರ್‌ನಲ್ಲಿ ಜರ್ಮನಿಯ ಕೆಮ್ನಿಟ್ಸ್‌ಗೆ ಎಂ.ಎಸ್. ಓದಲು ಹೋದ. ಮೊದಲ ತಿಂಗಳು ದಿನಾ ವೀಡಿಯೋ ಕಾಲ್ ಮಾಡಿ ಟ್ರಾಮ್, ಲೈಬ್ರರಿ ಎಲ್ಲ ತೋರಿಸುತ್ತಿದ್ದ. ಈಗ ಜನವರಿ. ರಾತ್ರಿ ಹೋಟೆಲ್ ಬಾಗಿಲು ಹಾಕಿ ಬಂದು ನಾವೇ ಫೋನ್ ಮಾಡಿದರೂ ಎರಡು ನಿಮಿಷದಲ್ಲಿ ಇಟ್ಟುಬಿಡುತ್ತಾನೆ. ಏನು ಕೇಳಿದರೂ ‘ಹೂಂ, ಸರಿ ಇದೆ’. ಮಧ್ಯಾಹ್ನದವರೆಗೆ ಮಲಗುತ್ತಾನೆ, ಬ್ರೆಡ್ಡು, ಮ್ಯಾಗಿ ತಿಂದುಕೊಂಡಿದ್ದಾನೆ ಅಂತ ಪಕ್ಕದ ರೂಮಿನ ಹುಡುಗ ಹೇಳಿದ. ಒಂದು ಪರೀಕ್ಷೆಗೆ ಹೆಸರು ಕೊಡುವುದೇ ಬಿಟ್ಟುಹೋಗಿದೆಯಂತೆ. ಯಜಮಾನರು ಚಿಕ್ಕ ವಯಸ್ಸಿಗೆ ಬಾಂಬೆಗೆ ಬಂದು, ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದವರು. ‘ಪಾರ್ಟ್ ಟೈಮ್ ಕೆಲಸ ಹಿಡಿಯಲಿ, ತಲೆ ತಾನಾಗಿ ಸರಿಹೋಗುತ್ತೆ’ ಅಂತಾರೆ. ನಾದಿನಿ ‘ಮೂರು ತಿಂಗಳು ಎಲ್ಲರಿಗೂ ಹೀಗೇ’ ಅಂತಾಳೆ. ಅಲ್ಲಿಯೂ ಇಂಡಿಯನ್ ಹುಡುಗರ ಜೊತೆಗೇ ಇರುವುದು ತಪ್ಪಾಯ್ತಾ? ನಾನೇ ಹೋಗಿ ಒಂದೆರಡು ತಿಂಗಳು ಇದ್ದು ಬರಲಾ? ವಾಪಸ್ ಕರೆಸಿಕೊಳ್ಳಲಾ?

ಉತ್ತರ: ಬ್ರೆಡ್ಡು, ಮ್ಯಾಗಿಯ ಮಾತು ಓದಿ ನನಗೆ ಅಷ್ಟು ಭಯವಾಗಲಿಲ್ಲ. ಪರೀಕ್ಷೆಗೆ ಹೆಸರು ಕೊಡುವುದು ಬಿಟ್ಟುಹೋಗಿದೆ ಅಂದಿರಲ್ಲ, ಅದನ್ನು ಮಾತ್ರ ಇನ್ನೊಮ್ಮೆ ಓದಿದೆ. ಇಲ್ಲಿ ಪುಣೆಯಲ್ಲಿ ವಿದೇಶಕ್ಕೆ ಓದಲು ಹೋಗುವ ಮಕ್ಕಳಿಗೆ, ಅವರ ಮನೆಯವರಿಗೆ ಆಪ್ತಸಲಹೆ ಕೊಡುವುದು ನನ್ನ ಕೆಲಸ. ಅವರಲ್ಲಿ ಜರ್ಮನಿಗೆ ಹೋಗುವವರೇ ಜಾಸ್ತಿ. ಊಟ ಕೆಟ್ಟವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ತಾರೀಖು ತಪ್ಪಿಸಿಕೊಳ್ಳಲು ಶುರು ಮಾಡಿದವರಿಗೆ ಬೇರೆಯವರ ಕೈ ಬೇಕಾಗುತ್ತದೆ.

ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಎಲ್ಲದರ ಕೆಳಗೆ ಇರುವುದು ಒಂದೇ ಸಂಕಟ: ಇದು ಮನೆ ನೆನಪಿನ ಬೇಸರವಾ, ಇಲ್ಲಾ ಮಗ ನಿಜಕ್ಕೂ ಕಷ್ಟದಲ್ಲಿದ್ದಾನಾ?

ತುರ್ತಿನದ್ದನ್ನು ಮೊದಲು ಹೇಳಿಬಿಡುತ್ತೇನೆ. ‘ನನ್ನಿಂದ ಯಾರಿಗೂ ಪ್ರಯೋಜನ ಇಲ್ಲ’, ‘ಇದ್ದು ಏನು ಮಾಡಲಿ’ ಎಂಬಂಥ ಮಾತು ಅವನ ಬಾಯಿಂದ ಬಂದಿದೆಯಾ? ಸ್ನಾನ ಮಾಡುವುದು, ಬಟ್ಟೆ ಬದಲಿಸುವುದು ಕೂಡ ಬಿಟ್ಟಿದ್ದಾನಾ? ಇಡೀ ದಿನ ಫೋನ್ ಎತ್ತದೆ ಇರುತ್ತಾನಾ? ಹಾಗಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಪಕ್ಕದ ರೂಮಿನ ಹುಡುಗನಿಗೆ ಈಗಲೇ ಫೋನ್ ಮಾಡಿ, ಹೋಗಿ ಬಾಗಿಲು ತಟ್ಟಿ ಜೊತೆಗೆ ಕೂರಲು ಹೇಳಿ. ಜೀವಕ್ಕೆ ಅಪಾಯ ಅನ್ನಿಸಿದರೆ ಅಲ್ಲಿನ ತುರ್ತು ನಂಬರ್ 112. ಅಷ್ಟು ತುರ್ತಲ್ಲ, ಆದರೆ ರಾತ್ರಿಯಲ್ಲೋ ರಜೆಯ ದಿನವೋ ಡಾಕ್ಟರ್ ಬೇಕು ಅಂದರೆ 116117.

ಅಂಥ ಲಕ್ಷಣ ಇಲ್ಲದಿದ್ದರೂ ಅವನು ಒಮ್ಮೆ ಯಾರ ಹತ್ತಿರವಾದರೂ ಮಾತಾಡುವುದು ಒಳ್ಳೆಯದು. ಜರ್ಮನಿಯಲ್ಲಿ ವಿದ್ಯಾರ್ಥಿಗಳ ಹಾಸ್ಟೆಲ್, ಕ್ಯಾಂಟೀನ್ ನಡೆಸುವ ‘ಸ್ಟುಡೀರೆಂಡನ್‌ವೆರ್ಕ್’ ಎಂಬ ಸಂಸ್ಥೆಗಳಿವೆ. ಅವು ಮಾನಸಿಕ ಸಲಹೆಯ ಸೇವೆಯನ್ನೂ ಇಟ್ಟಿರುತ್ತವೆ. ಅಲ್ಲಿಗೆ ಹೋದರೆ ವೀಸಾಕ್ಕೆ ತೊಂದರೆ, ಪ್ರೊಫೆಸರ್‌ಗೆ ಗೊತ್ತಾಗುತ್ತೆ ಅಂತ ನಮ್ಮ ಹುಡುಗರು ಹೆದರುತ್ತಾರೆ. ಸುಳ್ಳು. ಅಲ್ಲಿ ಆಡಿದ ಮಾತನ್ನು ಹೊರಗೆ ಹೇಳುವ ಹಾಗೇ ಇಲ್ಲ. ನಿಮಗೇ ಚಿಂತೆಯಿಂದ ನಿದ್ದೆ ಹತ್ತುತ್ತಿಲ್ಲ ಎಂದಾದರೆ ನಮ್ಮ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೂ ಮಾತಾಡುತ್ತಾರೆ.

ಇನ್ನು ಕಾರಣಕ್ಕೆ ಬರುತ್ತೇನೆ. ಡೊಂಬಿವಲಿಯಲ್ಲಿ ನಿಮ್ಮ ಮಗನ ದಿನವನ್ನು ಯಾರ್‍ಯಾರು ನಡೆಸುತ್ತಿದ್ದರು, ಸ್ವಲ್ಪ ಯೋಚಿಸಿ. ಬೆಳಿಗ್ಗೆ ಹಾಲಿನವನ ಬೆಲ್, ಆಮೇಲೆ ನಿಮ್ಮ ‘ಏಳೋ’. ತಪ್ಪಿದರೆ ನಿಲ್ಲಲೂ ಜಾಗ ಸಿಗದ ಲೋಕಲ್. ಕಾಲೇಜಿನಲ್ಲಿ ಹಾಜರಿ ಕಮ್ಮಿಯಾದರೆ ಡಿಫಾಲ್ಟರ್ ಲಿಸ್ಟ್. ಸಬ್ಮಿಷನ್ ಹತ್ತಿರ ಬಂದರೆ ವಾಟ್ಸಾಪ್ ಗ್ರೂಪಿನಲ್ಲಿ ಗಲಾಟೆ. ಬಟ್ಟೆ ಪಾತ್ರೆಗೆ ಕೆಲಸದ ಬಾಯಿ, ಟಪಾಲಿಗೆ ವಾಚ್‌ಮನ್. ಅವನು ಎದ್ದು ನಡೆದರೆ ಸಾಕಿತ್ತು, ದಿನ ತಾನಾಗಿ ಸಾಗುತ್ತಿತ್ತು.

ಅಲ್ಲಿ ಇದ್ಯಾವುದೂ ಇಲ್ಲ. ಹೆಚ್ಚಿನ ಲೆಕ್ಚರ್‌ಗಳಿಗೆ ಹಾಜರಿಯೇ ಇರುವುದಿಲ್ಲ. ಬಾರದಿದ್ದರೆ ಯಾಕೆ ಬರಲಿಲ್ಲ ಅಂತ ಯಾರೂ ಕೇಳುವುದಿಲ್ಲ. ಅಕ್ಟೋಬರ್‌ನಿಂದ ಫೆಬ್ರವರಿ ತನಕ ಪಾಠ, ಕೊನೆಗೆ ಒಂದೇ ಪರೀಕ್ಷೆ. ಆ ಪರೀಕ್ಷೆಗೂ ತಾನೇ ಪೋರ್ಟಲ್‌ಗೆ ಹೋಗಿ, ಕೊಟ್ಟ ದಿನದೊಳಗೆ ಹೆಸರು ಕೊಡಬೇಕು. ಕ್ಲಾಸಿಗೆ ಹೋಗುತ್ತಿದ್ದೇನೆ, ಹಾಗಾಗಿ ಪರೀಕ್ಷೆಗೂ ಹೆಸರಿರುತ್ತೆ ಅಂತ ನಮ್ಮ ಮಕ್ಕಳು ಅಂದುಕೊಂಡುಬಿಡುತ್ತಾರೆ. ಮುಂಬೈ ಯೂನಿವರ್ಸಿಟಿಯಲ್ಲಿ ಬೆಳೆದವರಿಗೆ ಅದು ಸಹಜವೇ.

ಇದರ ಮೇಲೆ ಚಳಿಗಾಲ. ಚಳಿಗಿಂತ ಕತ್ತಲೆಯೇ ಜಾಸ್ತಿ ಕಾಡುತ್ತದೆ. ಡಿಸೆಂಬರ್ ಕೊನೆಗೆ ಕೆಮ್ನಿಟ್ಸ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಸುಮಾರು 8ಕ್ಕೆ, ಮುಳುಗುವುದು ಸಂಜೆ 4ಕ್ಕೆ. ಮುಂಬೈಯ ಅತಿ ಚಿಕ್ಕ ಹಗಲು ಕೂಡ ಸುಮಾರು 11 ಗಂಟೆಯದು. ಮಧ್ಯಾಹ್ನ ಏಳುವ ಹುಡುಗನಿಗೆ ಸಿಗುವುದು ಮೂರು ನಾಲ್ಕು ಗಂಟೆ ಬೆಳಕು, ಅದೂ ಮೋಡದ ಬೆಳಕು. ನಮ್ಮ ಮೈಯೊಳಗಿನ ಗಡಿಯಾರ ಬೆಳಗಿನ ಬೆಳಕು ನೋಡಿಯೇ ಸರಿಹೊಂದುವುದು. ಆ ಬೆಳಕು ತಪ್ಪಿದರೆ ರಾತ್ರಿ ನಿದ್ದೆ ಬಾರದು, ನಿದ್ದೆ ಬಾರದ್ದಕ್ಕೆ ಬೆಳಿಗ್ಗೆ ಏಳಲಾಗದು. ಹೊರಗಿನಿಂದ ನೋಡಿದವರಿಗೆ ಸೋಮಾರಿತನ ಅನ್ನಿಸುತ್ತದೆ. ಬೈದರೆ ಇದು ಬಿಡುವುದಿಲ್ಲ, ಎಬ್ಬಿಸಿದರೆ ಬಿಡುತ್ತದೆ.

ಈಗ ಟಪಾಲಿನ ವಿಷಯ. ಅವನು ಊಟ ಮಾಡಿದನಾ ಅಂತ ನೀವು ದಿನಾ ಕೇಳುತ್ತಿದ್ದೀರಿ, ಸರಿ. ಟಪಾಲು ಡಬ್ಬಿ ತೆಗೆದು ನೋಡಿದನಾ ಅಂತಲೂ ಕೇಳಿ. ಜರ್ಮನಿಯ ಕಚೇರಿಗಳು ಇವತ್ತಿಗೂ ಬಹಳಷ್ಟನ್ನು ಕಾಗದದಲ್ಲೇ ಕಳಿಸುತ್ತವೆ. ಬ್ಯಾಂಕಿನ ಪಿನ್, ಟ್ಯಾಕ್ಸ್ ನಂಬರ್, ಇನ್ಶೂರೆನ್ಸ್‌ನವರ ಪತ್ರ, ಎಲ್ಲ ಟಪಾಲಿನಲ್ಲೇ. ನಮ್ಮಲ್ಲಿಯ ಹಾಗೆ ಫ್ಲ್ಯಾಟ್ ನಂಬರ್ ನೋಡಿ ಟಪಾಲು ಹಾಕುವುದಿಲ್ಲ, ಡಬ್ಬಿಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಡಬ್ಬಿಯ ಮೇಲೆ ಹೆಸರು ಅಂಟಿಸದಿದ್ದರೆ ಕಾಗದ ಕಳಿಸಿದವರಿಗೇ ವಾಪಸ್.

ಪತ್ರಗಳಲ್ಲಿ ಒಂದು ಎಲ್ಲರನ್ನೂ ಹೆದರಿಸುತ್ತದೆ. ರೇಡಿಯೋ, ಟೀವಿಯ ಶುಲ್ಕ, ಒಂದು ಮನೆಗೆ ತಿಂಗಳಿಗೆ 18.36 ಯೂರೋ. ‘ನನ್ನ ಹತ್ತಿರ ಟೀವಿಯೇ ಇಲ್ಲ’ ಅಂತ ಹುಡುಗರು ಅದನ್ನು ಮೂಲೆಗೆ ಹಾಕುತ್ತಾರೆ. ಟೀವಿ ಇರಲಿ ಬಿಡಲಿ, ಶುಲ್ಕ ಇದೆ. ನಾಲ್ಕು ಜನ ಒಂದೇ ಫ್ಲ್ಯಾಟಿನಲ್ಲಿದ್ದರೆ ಒಬ್ಬರು ಕಟ್ಟಿದರೆ ಸಾಕು, ಆದರೆ ಕಟ್ಟುವವರ ವಿವರವನ್ನು ಉಳಿದವರು ಬರೆದು ತಿಳಿಸಬೇಕು. ಸುಮ್ಮನಿದ್ದರೆ ಬಾಕಿ ಬೆಳೆಯುತ್ತದೆ, ದಂಡ ಸೇರುತ್ತದೆ. ಪತ್ರ ಜರ್ಮನ್ ಭಾಷೆಯಲ್ಲಿದೆ, ತೆರೆಯಲು ಭಯ. ತೆರೆಯದ್ದರಿಂದ ಇನ್ನಷ್ಟು ಪತ್ರ. ಹುಡುಗ ಒಳಗೊಳಗೇ ಕುಸಿಯುವುದಕ್ಕೆ ಇಷ್ಟು ಸಾಕು. ನಿಮಗೆ ಹೇಳೋಣವೆಂದರೆ ‘ಅಷ್ಟು ಲೋನ್ ಮಾಡಿ ಕಳಿಸಿದ್ದಾರೆ’ ಎಂಬ ಅಳುಕು. ಆಗ ಬರುವ ಉತ್ತರವೇ ‘ಹೂಂ, ಸರಿ ಇದೆ’.

ಪರೀಕ್ಷೆಯ ವಿಷಯದಲ್ಲಿ ಸ್ವಲ್ಪ ಸಮಾಧಾನದ ಮಾತಿದೆ. ಹೆಸರು ಕೊಡದಿದ್ದರೆ ಸಾಮಾನ್ಯವಾಗಿ ಅದು ಫೇಲ್ ಅಲ್ಲ, ಮುಂದಿನ ಸಲ ಬರೆಯಬಹುದು. ಹೆಸರು ಕೊಟ್ಟು, ಡಾಕ್ಟರ್ ಸರ್ಟಿಫಿಕೇಟ್ ಇಲ್ಲದೆ ಗೈರಾದರೆ ಮಾತ್ರ 5.0 ಬೀಳುತ್ತದೆ, ಅಂದರೆ ಫೇಲ್. (ಅಲ್ಲಿ 1.0 ಅತ್ಯುತ್ತಮ, 4.0 ಪಾಸು. ಅವನು 2.7 ಬಂತು ಅಂದರೆ ಗಾಬರಿಯಾಗಬೇಡಿ.) ಹೆಚ್ಚಿನ ಕಡೆ ಒಂದು ವಿಷಯಕ್ಕೆ ಮೂರೇ ಅವಕಾಶ. ಮೂರನೆಯದೂ ಹೋದರೆ ಕೋರ್ಸಿನಿಂದಲೇ ಹೊರಗೆ. ಆದ್ದರಿಂದ ತಯಾರಿ ಇಲ್ಲದೆ ಸುಮ್ನೆ ಹೋಗಿ ಕೂರುವುದೂ ಜಾಣತನವಲ್ಲ. ಉಳಿದ ವಿಷಯಗಳಲ್ಲಿ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು, ಬಿಡಲು ಕೊನೆಯ ದಿನ ಯಾವುದು, ಇದನ್ನು ಈ ವಾರವೇ ಪರೀಕ್ಷಾ ಕಚೇರಿಯಲ್ಲಿ ಕೇಳಿಕೊಳ್ಳಲಿ. ಜೊತೆಗೆ ಮುಂದಿನ ಸೆಮಿಸ್ಟರ್‌ಗೆ ಶುಲ್ಕ ಕಟ್ಟಿ ಹೆಸರು ಉಳಿಸಿಕೊಳ್ಳುವ ತಾರೀಖು ನೋಡಿಕೊಳ್ಳಲಿ. ಎಷ್ಟೋ ಕಡೆ ಅದು ಬೀಳುವುದು ಜನವರಿ, ಫೆಬ್ರವರಿಯಲ್ಲೇ. ಅದು ತಪ್ಪಿದರೆ ವಿದ್ಯಾರ್ಥಿ ಎಂಬ ಸ್ಥಾನಕ್ಕೇ ಕುತ್ತು, ಅದರ ಹಿಂದೆ ವೀಸಾಕ್ಕೂ.

ನಿಮ್ಮ ನಾದಿನಿ ಹೇಳಿದ ಮೂರು ತಿಂಗಳ ಲೆಕ್ಕಕ್ಕೆ ಗಟ್ಟಿ ಆಧಾರವಿಲ್ಲ. ನಾರ್ವೆಯ ಲಿಸ್‌ಗಾರ್ಡ್ ಎಂಬ ಸಂಶೋಧಕ, ಅಮೆರಿಕಕ್ಕೆ ಹೋಗಿ ವಾಪಸ್ ಬಂದ ತನ್ನ ದೇಶದವರನ್ನು ಕೇಳಿ 1955ರಲ್ಲಿ ಬರೆದಿದ್ದ. ಆರು ತಿಂಗಳಿಂದ ಹದಿನೆಂಟು ತಿಂಗಳು ಅಲ್ಲಿದ್ದವರಿಗೆ ಹೊಂದಿಕೊಳ್ಳುವುದು ಎಲ್ಲರಿಗಿಂತ ಕಷ್ಟವಾಗಿತ್ತು ಎಂದು ಅವನಿಗೆ ಕಂಡಿತ್ತು. ಆಮೇಲೆ ನ್ಯೂಜಿಲೆಂಡಿನಲ್ಲಿ ಓದುತ್ತಿದ್ದ ಜಪಾನಿ ಮಕ್ಕಳನ್ನು ನೋಡಿದವರಿಗೆ ಹೋದ ಹೊಸದರಲ್ಲೇ ಕಷ್ಟ ಹೆಚ್ಚು ಎಂದು ಕಂಡಿತು. ಒಬ್ಬೊಬ್ಬರದು ಒಂದೊಂದು ಥರ. ಹಾಗಾಗಿ ಕ್ಯಾಲೆಂಡರ್ ನೋಡಿಕೊಂಡು ಕಾಯುವುದರಲ್ಲಿ ಅರ್ಥವಿಲ್ಲ. ವಾರದಿಂದ ವಾರಕ್ಕೆ ಅವನ ದಿನ ಸ್ವಲ್ಪ ತುಂಬುತ್ತಿದೆಯಾ, ಖಾಲಿಯಾಗುತ್ತಿದೆಯಾ, ಅದನ್ನು ನೋಡಿ.

ಇಂಡಿಯನ್ ಹುಡುಗರ ಜೊತೆ ಇರುವುದು ತಪ್ಪೇನಲ್ಲ. ಈಗ ನಿಮಗೆ ವಿಷಯ ತಿಳಿಸಿದವನೂ ಅಂಥ ಒಬ್ಬ ಹುಡುಗನೇ ಅಲ್ವಾ? 1977ರಲ್ಲಿ ಬೋಕ್ನರ್ ಮತ್ತು ಸಂಗಡಿಗರು ಹವಾಯಿಯಲ್ಲಿದ್ದ ವಿದೇಶಿ ವಿದ್ಯಾರ್ಥಿಗಳ ಸ್ನೇಹವನ್ನು ಗಮನಿಸಿದ್ದರು. ಮನಸ್ಸಿನ ಮಾತಿಗೆ ತಮ್ಮ ದೇಶದವರು, ಓದು ಮತ್ತು ಕಚೇರಿ ಕೆಲಸಕ್ಕೆ ಆ ಊರಿನವರು, ತಿರುಗಾಟ ಮೋಜಿಗೆ ಬೇರೆ ದೇಶದ ವಿದ್ಯಾರ್ಥಿಗಳು, ಹೀಗೆ ಮೂರು ಬಗೆಯ ನಂಟು ಬೇಕಾಗುತ್ತದೆ ಎಂದು ಅವರಿಗೆ ಕಂಡಿತು. ನಮ್ಮ ಹುಡುಗರಿಗೆ ಮೊದಲನೆಯದು ಇರುತ್ತದೆ, ಎರಡನೆಯದು ಇರುವುದಿಲ್ಲ. ಜರ್ಮನ್ ಪತ್ರ ಓದಿ ಹೇಳುವ ಒಬ್ಬ ಸ್ಥಳೀಯ ಸಹಪಾಠಿ ಸಿಕ್ಕರೂ ಅರ್ಧ ಭಾರ ಇಳಿಯುತ್ತದೆ. ಕೋರ್ಸು ಇಂಗ್ಲಿಷಿನಲ್ಲಿದೆ, ಇಂಗ್ಲಿಷ್ ಸಾಕು ಅಂತ ಏಜೆಂಟರು ಹೇಳಿ ಕಳಿಸುತ್ತಾರೆ. ಪಾಠಕ್ಕೆ ಸಾಕು. ಅಂಗಡಿ, ಡಾಕ್ಟರ್, ಮನೆ ಮಾಲೀಕ, ಬಾಗಿಲ ಬಳಿ ಸಿಗುವ ಪಕ್ಕದ ಮನೆಯವರು, ಇವರಿಗೆಲ್ಲ ಸಾಲದು. ಯೂನಿವರ್ಸಿಟಿಯ ಜರ್ಮನ್ ಕ್ಲಾಸಿಗೆ ಸೇರಲು ಹೇಳಿ. ಭಾಷೆ ಬರುವುದು ಆಮೇಲಿನ ಮಾತು, ವಾರಕ್ಕೆ ಎರಡು ದಿನ ಹೊತ್ತಿಗೆ ಸರಿಯಾಗಿ ಹೊರಡಬೇಕಾದ ಒಂದು ಜಾಗ ಸಿಗುತ್ತದೆ.

ಯಜಮಾನರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕರಾವಳಿಯಿಂದ ಬಾಂಬೆಗೆ ಬಂದು ಹಗಲು ಹೋಟೆಲ್, ಸಂಜೆ ಕನ್ನಡ ರಾತ್ರಿ ಶಾಲೆ ಅಂತ ಬೆಳೆದ ತಲೆಮಾರಿನ ದುಡಿಮೆ ಸಣ್ಣದಲ್ಲ. ಆದರೆ ಅವರು ಬಂದಿಳಿದ ಹೋಟೆಲೇ ಅವರಿಗೊಂದು ಮನೆಯಾಗಿತ್ತು ಅಲ್ವಾ? ತಟ್ಟೆಯಲ್ಲಿ ಅದೇ ಕುಚ್ಚಲಕ್ಕಿ ಅನ್ನ, ಕಿವಿಗೆ ಅದೇ ಮಾತು, ಅಪ್ಪನ ಹೆಸರು ಹೇಳಿದರೆ ಗುರುತು ಹಿಡಿಯುವ ಧಣಿ. ಅವರನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಕೆಲಸದ ಪಾಲೆಷ್ಟು, ಸುತ್ತಲಿದ್ದ ಊರ ಜನರ ಪಾಲೆಷ್ಟು, ಅವರನ್ನೇ ಕೇಳಿ ನೋಡಿ. ಮಗ ಈಗ ಗೋದಾಮಿನಲ್ಲಿ ರಾತ್ರಿ ಪಾಳಿಗೆ ಸೇರಿದರೆ ಸಿಗುವುದು ಕೂಲಿ ಮಾತ್ರ, ಆ ಜನ ಸಿಗುವುದಿಲ್ಲ. ಇದ್ದಬದ್ದ ನಿದ್ದೆಯೂ ಹೋಗುತ್ತದೆ.

ನಿಯಮವೂ ಗೊತ್ತಿರಲಿ. 2024ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ದುಡಿದು ಲೋನ್ ತೀರಿಸುತ್ತಾನೆ ಎಂಬ ಲೆಕ್ಕ ಮೊದಲ ವರ್ಷಕ್ಕೆ ಬೇಡ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ನೀವು 11,904 ಯೂರೋ ಇಟ್ಟಿರುತ್ತೀರಿ. ಅದರಿಂದ ತಿಂಗಳಿಗೆ 992 ಅವನ ಕೈಗೆ ಬರುತ್ತದೆ. ಸರ್ಕಾರಿ ಇನ್ಶೂರೆನ್ಸಿಗೆ ಸುಮಾರು 140-150 ಹೋಗುತ್ತದೆ, ಹಾಸ್ಟೆಲ್ ಬಾಡಿಗೆ ಹೋಗುತ್ತದೆ. ಉಳಿದದ್ದರಲ್ಲಿ ಚಿಕ್ಕ ಊರಿನಲ್ಲಿ ಊಟ ಮಾಡಿಕೊಂಡು ಇರಲು ಸಾಕು. ಹಾಗಿದ್ದೂ ಅವನು ಬ್ರೆಡ್ಡು ತಿನ್ನುತ್ತಿದ್ದರೆ ಪ್ರತಿ ಯೂರೋವನ್ನೂ ರೂಪಾಯಿ ಮಾಡಿ ನೋಡುತ್ತಿರಬಹುದು. ‘ಕ್ಯಾಂಟೀನಿನಲ್ಲಿ ಒಂದು ಹೊತ್ತು ಬಿಸಿ ಊಟ ಮಾಡು, ಆ ಲೆಕ್ಕ ನಮಗೆ ಬೇಡ’ ಎಂಬ ಮಾತು ಅಪ್ಪನ ಬಾಯಿಂದ ಬಂದರೆ ಒಳ್ಳೆಯದು.

ನೀವು ಕೇಳಿಲ್ಲ, ಆದರೂ ಪಾರ್ಸೆಲ್ ಬಗ್ಗೆ ಒಂದು ಮಾತು. ತುಪ್ಪ, ಧಾರವಾಡ ಪೇಡ ಕಳಿಸಬೇಡಿ. ಹಾಲಿನ, ಮಾಂಸದ ಪದಾರ್ಥಗಳನ್ನು ಹೊರದೇಶಗಳಿಂದ ಹೀಗೆ ತರಿಸಲು ಯುರೋಪಿಯನ್ ಯೂನಿಯನ್ ಬಿಡುವುದಿಲ್ಲ. ಹಸಿ ಕರಿಬೇವೂ ಬೇಡ. ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ ಕಳಿಸಿ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಲು ಹೇಳಿ, ಹಾಸ್ಟೆಲಿನ ಹೊಗೆ ಅಲಾರಾಂ ಬಲು ಚುರುಕು.

ಫೋನಿನ ಹೊತ್ತು ಬದಲಿಸಿ. ಹೋಟೆಲ್ ಬಾಗಿಲು ಹಾಕಿ ಬರುವಾಗ ರಾತ್ರಿ 10:30 ಆಗುತ್ತದೆ ಅಂದುಕೊಳ್ಳೋಣ. ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಅಲ್ಲಿ ಸಂಜೆ 6. ಗೆಳೆಯರು ಜೊತೆಗೂಡಿ ಓದುವುದು, ಯೂನಿವರ್ಸಿಟಿಯ ಆಟ, ಜರ್ಮನ್ ಕ್ಲಾಸು, ಎಲ್ಲ ನಡೆಯುವುದು ಆ ಹೊತ್ತಿಗೇ. ಬದಲಿಗೆ ನಿಮ್ಮ ಮಧ್ಯಾಹ್ನ 12:30ಕ್ಕೆ ಮಾಡಿ, ಅಲ್ಲಿ ಬೆಳಿಗ್ಗೆ 8. ಅವನನ್ನು ಕೇಳಿ, ಅವನು ಒಪ್ಪಿದ ಮೇಲೆ ಮಾಡಿ. ಐದು ನಿಮಿಷ ಸಾಕು. ‘ಪರದೆ ಸರಿಸು, ಹೊರಗೆ ಹೇಗಿದೆ ತೋರಿಸು’ ಅನ್ನಿ. ‘ಇವತ್ತು ಎಲ್ಲಿಗೆ ಹೋಗಬೇಕು?’ ಅಂತ ಕೇಳಿ. ‘ಹುಷಾರಾಗಿದ್ದೀಯಾ’ ಎಂಬ ಪ್ರಶ್ನೆಗೆ ಹೂಂ ಅಂದರೆ ಮುಗಿಯಿತು, ಇದಕ್ಕೆ ಹಾಗೆ ಅನ್ನಲಾಗದು. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಆಗ ನಿಮ್ಮ ಹೊತ್ತು 11:30. ಟಪಾಲಿಗೆ ಶನಿವಾರ ಇಟ್ಟುಕೊಳ್ಳಿ. ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತವೆ, ಶನಿವಾರ ಸಾಮಾನು ತರಲು ಅವನು ಹೇಗೂ ಹೊರಗೆ ಹೋಗಲೇಬೇಕು. ಬಂದ ಪತ್ರಗಳನ್ನು ಫೋನಿನಲ್ಲಿ ಅನುವಾದ ಮಾಡಿ ನಿಮಗೆ ಓದಿ ಹೇಳಲಿ. ಯಾವ ಪತ್ರ ಬಂದರೂ ಆ ಹೊತ್ತಿಗೆ ಬೈಯಬೇಡಿ.

ಇನ್ನು ದಾರಿಗಳು. ಅಲ್ಲೇ ಇದ್ದು, ಸಲಹೆಗಾರರನ್ನು ಕಂಡು, ಒಂದೆರಡು ವಿಷಯ ಮಾತ್ರ ಬರೆದು ಮೊದಲ ಸೆಮಿಸ್ಟರ್ ದಾಟುವುದು ಒಂದು. ನನ್ನ ಒಲವು ಇದರ ಕಡೆಗೆ. ಓದು ಸ್ವಲ್ಪ ಹಿಂದೆ ಬೀಳುತ್ತದೆ, ಕೋರ್ಸು ಒಂದು ಸೆಮಿಸ್ಟರ್ ಉದ್ದವಾಗಬಹುದು. ಆ ಖರ್ಚನ್ನು ಈಗಲೇ ಮನಸ್ಸಿನಲ್ಲಿ ಒಪ್ಪಿಕೊಂಡುಬಿಡಿ. ಮಾತು ಮಾತಿಗೆ ಅದನ್ನು ಎತ್ತಿ ತೋರಿಸಿದರೆ ಹುಡುಗ ಮತ್ತೆ ಬಾಯಿ ಮುಚ್ಚುತ್ತಾನೆ.

ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಪಾಠ ಶುರುವಾಗುವ ಮೊದಲು, ಎರಡು ವಾರಕ್ಕೆ ಮನೆಗೆ ಬಂದು ಹೋಗುವುದು ಇನ್ನೊಂದು. ಒಳ್ಳೆಯದೇ. ಆದರೆ ಅವನ ರೆಸಿಡೆನ್ಸ್ ಪರ್ಮಿಟ್ ಕೈಗೆ ಬಂದಿದೆಯಾ ನೋಡಿ. ಅರ್ಜಿ ಹಾಕಿ ಕಾಯುತ್ತಿದ್ದರೆ, ಆ ಕಾಗದದ ಮೇಲೆ ವಾಪಸ್ ಒಳಗೆ ಬಿಡುತ್ತಾರಾ ಎಂದು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಕೇಳಿಕೊಂಡೇ ಟಿಕೆಟ್ ಮಾಡಲಿ. ಹೋಗುವ ಬರುವ ಎರಡೂ ಟಿಕೆಟ್ ಒಟ್ಟಿಗೆ ಮಾಡಿ.

ಡಾಕ್ಟರ್ ಇದು ಖಿನ್ನತೆ ಅಂದರೆ ಒಂದು ಸೆಮಿಸ್ಟರ್ ರಜೆ ಕೇಳಬಹುದು, ಯೂನಿವರ್ಸಿಟಿಗಳಲ್ಲಿ ಅದಕ್ಕೆ ದಾರಿ ಇದೆ. ಅರ್ಜಿಗೆ ಗಡುವಿದೆ. ಪರ್ಮಿಟ್ ಓದಿಗಾಗಿ ಕೊಟ್ಟದ್ದು, ಆದ್ದರಿಂದ ವಿದೇಶಿಯರ ಕಚೇರಿಯನ್ನೂ ಮೊದಲೇ ಕೇಳಬೇಕು.

ಪೂರ್ತಿ ಬಿಟ್ಟು ಬರುವುದು ಕೊನೆಯ ದಾರಿ. ಅದು ಮರ್ಯಾದೆಯ ಪ್ರಶ್ನೆಯಲ್ಲ, ಆರೋಗ್ಯಕ್ಕಾಗಿ ಬೇಕಾದರೆ ಬೇಕು. ಆದರೆ ಕತ್ತಲೆಯ ಜನವರಿಯಲ್ಲಿ, ಫೋನಿನಲ್ಲಿ, ಆ ನಿರ್ಧಾರ ಮಾಡಬೇಡಿ. ಬಂದರೂ ವಿಮಾನ ಹತ್ತಿದ ಮಾತ್ರಕ್ಕೆ ಮುಗಿಯುವುದಿಲ್ಲ. ರೂಮಿಗೆ ನೋಟಿಸ್, ವಿಳಾಸದ ನೋಂದಣಿ ರದ್ದು, ಇನ್ಶೂರೆನ್ಸ್ ರದ್ದು, ಬ್ಲಾಕ್ಡ್ ಅಕೌಂಟಿನಲ್ಲಿ ಉಳಿದ ಹಣ ಬಿಡಿಸಿಕೊಳ್ಳುವುದು, ಎಲ್ಲ ಇದೆ. ಓದು ನಿಂತರೆ ಲೋನಿನ ಕಂತು ಬೇಗ ಶುರುವಾಗಬಹುದು, ಬ್ಯಾಂಕಿನಲ್ಲಿ ಮೊದಲೇ ಮಾತಾಡಿ.

ನೀವು ಹೋಗುವ ವಿಷಯ. ತೀರಾ ತುರ್ತಿಲ್ಲದಿದ್ದರೆ ಈಗ ಬೇಡ. ನೀವು ಅಲ್ಲಿದ್ದಷ್ಟು ದಿನ ಅವನು ಎದ್ದಾನು, ಉಂಡಾನು. ನೀವು ಹೊರಟ ಮರುದಿನ ಅವನನ್ನು ಎಬ್ಬಿಸುವವರು ಯಾರು? ಯುರೋಪಿಗೆ ಸ್ವಲ್ಪ ದಿನದ ಮಟ್ಟಿಗೆ ಹೋಗುವವರಿಗೆ ಕೊಡುವ ಶೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ ಗರಿಷ್ಠ 90 ದಿನ ಇರಬಹುದು ನಿಜ, ಆದರೆ ವಿದ್ಯಾರ್ಥಿ ಹಾಸ್ಟೆಲುಗಳಲ್ಲಿ ಅಷ್ಟು ದಿನ ಅತಿಥಿ ಇಟ್ಟುಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಹೋಗಲೇಬೇಕು ಅನ್ನಿಸಿದರೆ ಮೇ ತಿಂಗಳಿಗೆ ಇಟ್ಟುಕೊಳ್ಳಿ. ಆಗ ರಾತ್ರಿ 8:30ರ ತನಕ ಬೆಳಕಿರುತ್ತದೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಹಾಕಬಹುದು, ಜೊತೆಗೆ 30,000 ಯೂರೋ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಯಜಮಾನರನ್ನೂ ಕರೆದುಕೊಂಡು ಹೋಗಿ. ಹೋಟೆಲನ್ನು ಎರಡು ವಾರ ಯಾರಾದರೂ ನೋಡಿಕೊಳ್ಳಲಿ.